ಅಲ್ಮುಗ್: ಮತ್ತೆ ಯಾರೂ ಕಾಣದ ಮರ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಒಂದು ಮರದ ಹೆಸರು ಆರೇ ಆರು ಸಲ ಬರುತ್ತದೆ. ಮೂರು ಸಲ ‘ಅಲ್ಮುಗ್’, ಮೂರು ಸಲ ‘ಅಲ್ಗುಮ್’. ಅದು ಯಾವ ಮರ ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಂದ ಓದುಗರನ್ನು ಕಾಡಿದೆ. ಗ್ರೀಕ್ ಭಾಷೆಗೆ ತಂದವರು ಒಂದು ಅರ್ಥ ಹೇಳಿದರು, ಲ್ಯಾಟಿನ್‌ಗೆ ತಂದವರು ಇನ್ನೊಂದು. ಯೆಹೂದಿ ಪಂಡಿತರಂತೂ ಅದು ಮರವೇ ಅಲ್ಲ ಎಂದರು. ಹತ್ತೊಂಬತ್ತನೇ ಶತಮಾನದ ಯುರೋಪಿನ ಭಾಷಾಶಾಸ್ತ್ರಜ್ಞರು ಬೆರಳು ತೋರಿಸಿದ್ದು ನಮ್ಮ ಕಡೆಗೇ: ಅದು ದಕ್ಷಿಣ ಭಾರತದ ಗಂಧದ ಮರ.

ಇಸ್ರಾಯೇಲಿನ ಅರಸ ಸೊಲೊಮೋನನ ದೇವಾಲಯಕ್ಕೆ ನಮ್ಮ ಶ್ರೀಗಂಧ ಹೋಗಿತ್ತು ಎಂಬ ಮಾತನ್ನು ನೀವೂ ಎಲ್ಲಾದರೂ ಕೇಳಿರಬಹುದು. ನಾನು ಬಹುಕಾಲ ನಂಬಿದ್ದೆ. ಗಂಧದ ನಾಡಿನವರಿಗೆ ಇದು ಹಿತವಾಗಿ ಕೇಳುವ ಮಾತು. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ‘ರಾಜವೃಕ್ಷ’ ಎಂದು ಸಾರಿದ ನೆಲದಲ್ಲಿ, ಅದಕ್ಕೂ ಎರಡೂಮುಕ್ಕಾಲು ಸಾವಿರ ವರ್ಷ ಹಿಂದೆ ಇನ್ನೊಬ್ಬ ರಾಜ ಅದನ್ನೇ ಬಯಸಿದ್ದ ಎಂದರೆ ಯಾರಿಗೆ ಬೇಡ? ಆದರೆ ಆ ಪದದ ಬೆನ್ನು ಹತ್ತಿ ಹೋದಂತೆ ಕಥೆ ಬೇರೆಯೇ ದಾರಿ ಹಿಡಿಯಿತು. ಆ ದಾರಿಯೇ ಹೆಚ್ಚು ರುಚಿಕರ ಎಂದು ಈಗ ನನಗೆ ಅನ್ನಿಸಿದೆ.

ಮೊದಲು ಗ್ರಂಥದಲ್ಲಿ ಏನಿದೆ ನೋಡೋಣ. ‘1 ಅರಸುಗಳು’ ಭಾಗದ ಹತ್ತನೇ ಅಧ್ಯಾಯದಲ್ಲಿ ಶೆಬದ ರಾಣಿ ಸೊಲೊಮೋನನನ್ನು ಕಾಣಲು ಬರುತ್ತಾಳೆ. ಅವಳು ತಂದ ಚಿನ್ನ, ಸುಗಂಧದ್ರವ್ಯಗಳ ವರ್ಣನೆ ನಡೆದಿರುವಾಗಲೇ, ನಡುವೆ ತುರುಕಿದಂತೆ ಎರಡು ವಾಕ್ಯಗಳು ಬರುತ್ತವೆ. ಓಫೀರ್ ಎಂಬ ದೂರದ ನಾಡಿನಿಂದ ಚಿನ್ನ ತಂದ, ತೂರ್ ಪಟ್ಟಣದ ಅರಸ ಹೀರಾಮನ ಹಡಗುಗಳು ಅಲ್ಲಿಂದ ಬಹಳಷ್ಟು ಅಲ್ಮುಗ್ ಮರವನ್ನೂ ರತ್ನಗಳನ್ನೂ ತಂದವು. ಅರಸನು ಆ ಮರದಿಂದ ದೇವಾಲಯಕ್ಕೂ ಅರಮನೆಗೂ ‘ಮಿಸ್ಆದ್’ ಮಾಡಿಸಿದ, ಗಾಯಕರಿಗೆ ತಂತಿವಾದ್ಯಗಳನ್ನು ಮಾಡಿಸಿದ. ಅಂಥ ಅಲ್ಮುಗ್ ಮರ ಮತ್ತೆ ಬಂದದ್ದೂ ಇಲ್ಲ, ಇಂದಿನವರೆಗೆ ಯಾರೂ ಕಂಡದ್ದೂ ಇಲ್ಲ.

ಆ ಕೊನೆಯ ಮಾತನ್ನು ಗಮನಿಸಬೇಕು. ಸೊಲೊಮೋನನ ಕಾಲ ಕ್ರಿಸ್ತಪೂರ್ವ ಹತ್ತನೇ ಶತಮಾನ. ‘ಅರಸುಗಳು’ ಇಂದಿನ ರೂಪಕ್ಕೆ ಬಂದದ್ದು ಸುಮಾರು ಆರನೇ ಶತಮಾನದಲ್ಲಿ. ಅಂದರೆ ಅದನ್ನು ಬರೆದಿಟ್ಟವನ ಕಾಲಕ್ಕೇ ಈ ಮರ ಕಣ್ಣಿಗೆ ಕಾಣುವ ವಸ್ತುವಾಗಿರದೆ ಬಾಯಿಂದ ಬಾಯಿಗೆ ಬಂದ ನೆನಪಾಗಿತ್ತು. ಅದರಿಂದ ಮಾಡಿಸಿದ್ದು ಏನು ಎನ್ನುವುದೂ ಅಷ್ಟೇ ಮಸುಕು. ‘ಮಿಸ್ಆದ್’ ಎಂಬ ಪದ ಇಡೀ ಹೀಬ್ರೂ ಬೈಬಲಿನಲ್ಲಿ ಬರುವುದು ಈ ಒಂದೇ ಕಡೆ. ಆಸರೆ ಕೊಡುವುದು ಎಂಬ ಧಾತುವಿನಿಂದ ಹುಟ್ಟಿದ ಮಾತಾದ್ದರಿಂದ ಕಂಬ, ಕೈಹಿಡಿ, ಕಟಕಟೆ ಎಂದೆಲ್ಲ ಅರ್ಥ ಮಾಡಿದ್ದಾರೆ.

ಅದೇ ಕಥೆಯನ್ನು ಇನ್ನೂ ಒಂದೆರಡು ಶತಮಾನಗಳ ಮೇಲೆ ‘2 ಪೂರ್ವಕಾಲವೃತ್ತಾಂತ’ ಮತ್ತೆ ಹೇಳುತ್ತದೆ. ಅಲ್ಲಿ ಮೂರು ಬದಲಾವಣೆಗಳಾಗಿವೆ. ಮರದ ಹೆಸರು ‘ಅಲ್ಗುಮ್’ ಎಂದಾಗಿದೆ. ‘ಮಿಸ್ಆದ್’ ಹೋಗಿ ಮೆಟ್ಟಿಲು ಅಥವಾ ದಾರಿ ಎಂಬರ್ಥದ ಮಾತು ಬಂದಿದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಎರಡನೇ ಅಧ್ಯಾಯದಲ್ಲಿ ಸೊಲೊಮೋನನು ತೂರಿನ ಅರಸ ಹೀರಾಮನಿಗೆ ಹೇಳಿಕಳಿಸುತ್ತಾನೆ: ಲೆಬನೋನಿನಿಂದ ದೇವದಾರು, ತುರಾಯಿ (ಸೈಪ್ರೆಸ್ ಬಗೆಯ ಮರ), ಅಲ್ಗುಮ್ ಮರಗಳನ್ನು ಕಳಿಸು. ಒಂದು ಕಡೆ ಈ ಮರ ಹಡಗಿನಲ್ಲಿ ದೂರದ ಓಫೀರಿನಿಂದ ಬರುತ್ತದೆ. ಇನ್ನೊಂದು ಕಡೆ ಪಕ್ಕದ ಲೆಬನೋನ್ ಬೆಟ್ಟದಲ್ಲೇ ಬೆಳೆಯುತ್ತದೆ. ಮುಂದಿನ ಎಲ್ಲ ವಾದಗಳೂ ಈ ಬಿರುಕಿನಿಂದಲೇ ಹೊರಟವು.

ಅಲ್ಮುಗ್–ಅಲ್ಗುಮ್ ವ್ಯತ್ಯಾಸಕ್ಕೆ ಕನ್ನಡಿಗರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಳಗನ್ನಡದ ‘ಅಸಗ’ ಇಂದು ‘ಅಗಸ’ ಆಗಿಲ್ಲವೇ? ಬಟ್ಟೆ ಒಗೆಯುವವನು ಅವನೇ, ಅಕ್ಷರಗಳು ಮಾತ್ರ ಜಾಗ ಬದಲಿಸಿಕೊಂಡಿವೆ. ಮ–ಗ ಎಂಬುದು ಗ–ಮ ಆದದ್ದೂ ಅಂಥದೇ ವರ್ಣಪಲ್ಲಟ. ಎರಡರಲ್ಲಿ ಯಾವುದು ಮೂಲ ಎನ್ನುವುದು ಮಾತ್ರ ಮುಖ್ಯ. ಆ ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ, ನೆಲದಡಿಯಿಂದ.

ಅದಕ್ಕೆ ಮೊದಲಿನ ಊಹೆಗಳ ಕಥೆಯನ್ನು ಹೇಳಿಯೇ ಮುಂದೆ ಹೋಗಬೇಕು.

ಅನುವಾದಕರ ಇಕ್ಕಟ್ಟು

ಗೊತ್ತಿಲ್ಲದ ಮರದ ಹೆಸರು ಎದುರಾದಾಗ ಅನುವಾದಕ ಏನು ಮಾಡಬೇಕು? ಹೆಸರನ್ನು ಹಾಗೇ ಇಡಬಹುದು, ಓದುಗನಿಗೆ ಏನೂ ಹೊಳೆಯುವುದಿಲ್ಲ. ತನ್ನ ನಾಡಿನ ಮರವೊಂದರ ಹೆಸರಿಡಬಹುದು, ಅರ್ಥವಾಗುತ್ತದೆ, ಆದರೆ ತಪ್ಪಾಗಿರಬಹುದು. ಅಲ್ಮುಗ್ ವಿಷಯದಲ್ಲಿ ಎರಡೂ ನಡೆದಿವೆ.

ಕ್ರಿಸ್ತಪೂರ್ವ ಮೂರು–ಎರಡನೇ ಶತಮಾನಗಳಲ್ಲಿ ಸಿದ್ಧವಾದ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್, ‘ಅರಸುಗಳು’ ಭಾಗದಲ್ಲಿ ಇದನ್ನು ‘ಕೆತ್ತದ ಮರ’ ಎಂದಿತು, ಪೂರ್ವಕಾಲವೃತ್ತಾಂತದಲ್ಲಿ ‘ಪೈನ್ ಮರ’ ಎಂದಿತು. ಒಂದೇ ಮರಕ್ಕೆ ಒಂದೇ ಸಂಪುಟದಲ್ಲಿ ಎರಡು ಉತ್ತರ. ಮೊದಲ ಶತಮಾನದ ಇತಿಹಾಸಕಾರ ಜೋಸೆಫಸ್ ಸ್ವಲ್ಪ ಹೆಚ್ಚು ವಿವರ ಕೊಡುತ್ತಾನೆ. ಅವನೂ ಪೈನ್ ಎಂದೇ ಕರೆಯುತ್ತಾನೆ, ಆದರೆ ತನ್ನ ಕಾಲದ ಪೈನ್ ಅಲ್ಲ ಎಂದು ಎಚ್ಚರಿಸುತ್ತಾನೆ. ನೋಡಲು ಅಂಜೂರದ ಮರದಂತೆ, ಅದಕ್ಕಿಂತ ಬಿಳಿ, ಹೆಚ್ಚು ಹೊಳಪು ಎನ್ನುತ್ತಾನೆ. ಕಣ್ಣಾರೆ ಕಂಡವನ ಮಾತಿನಂತೆ ಇದೆ, ಕಾಣುವ ಅವಕಾಶ ಮಾತ್ರ ಅವನಿಗೆ ಇರಲಿಲ್ಲ. ಸೊಲೊಮೋನನ ದೇವಾಲಯ ಅವನಿಗಿಂತ ಆರು ಶತಮಾನಗಳಿಗೂ ಹಿಂದೆಯೇ ಬಾಬೆಲಿನವರ ಕೈಯಲ್ಲಿ ಸುಟ್ಟುಹೋಗಿತ್ತು.

ನಾಲ್ಕನೇ ಶತಮಾನದ ಕೊನೆಗೆ ಬೆತ್ಲೆಹೇಮಿನಲ್ಲಿ ಕೂತು ಹೀಬ್ರೂವಿನಿಂದ ಲ್ಯಾಟಿನ್‌ಗೆ ಅನುವಾದಿಸಿದ ಜೆರೋಮ್ ಆರಿಸಿಕೊಂಡ ಪದ ನನಗೆ ಬಹಳ ಇಷ್ಟ. ಅವನು ಅಲ್ಮುಗ್ ಮರವನ್ನು ‘ಲಿಗ್ನಾ ಥೀನಾ’ ಎಂದ, ಅಂದರೆ ಥೀನ್ ಮರ. ಇದೇ ಮರ ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ‘ಪ್ರಕಟಣೆ’ಯ ಹದಿನೆಂಟನೇ ಅಧ್ಯಾಯದಲ್ಲಿ ಗ್ರೀಕ್ ಹೆಸರಿನಲ್ಲಿ ಬರುತ್ತದೆ. ಬಾಬೆಲ್ ಎಂಬ ಮಹಾನಗರಿ ಬಿದ್ದಾಗ ವರ್ತಕರು ಗೋಳಿಡುತ್ತಾರೆ: ಇನ್ನು ನಮ್ಮ ಸರಕನ್ನು ಕೊಳ್ಳುವವರು ಯಾರು? ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ಥೀನ್ ಮರ, ದಂತ ಎಂದು ಸಾಗುವ ಆ ಪಟ್ಟಿ ಮನುಷ್ಯರ ದೇಹ–ಪ್ರಾಣಗಳಲ್ಲಿ ಬಂದು ನಿಲ್ಲುತ್ತದೆ. ಗುಲಾಮರ ವ್ಯಾಪಾರವನ್ನು ಅಷ್ಟು ನೇರವಾಗಿ ಹೆಸರಿಸಿ ನಿಲ್ಲಿಸುವ ಆ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಾಬೆಲ್ ಎಂದರೆ ಇಲ್ಲಿ ರೋಮ್. ಥೀನ್ ಮರ ರೋಮಿನ ಶ್ರೀಮಂತರ ಹುಚ್ಚು. ಉತ್ತರ ಆಫ್ರಿಕಾದ ಅಟ್ಲಾಸ್ ಬೆಟ್ಟಗಳಲ್ಲಿ ಬೆಳೆಯುವ, ಸೈಪ್ರೆಸ್ ಕುಟುಂಬಕ್ಕೆ ಸೇರಿದ ಸಣ್ಣ ಮರ ಅದು. ಸಸ್ಯಶಾಸ್ತ್ರದ ಹೆಸರು ಟೆಟ್ರಾಕ್ಲಿನಿಸ್ ಆರ್ಟಿಕ್ಯುಲೇಟಾ. ಗ್ರೀಕ್ ಹೆಸರಿನ ಮೂಲದಲ್ಲಿರುವುದು ಧೂಪ ಹಾಕು, ಹವಿಸ್ಸು ಅರ್ಪಿಸು ಎಂಬ ಅರ್ಥದ ಧಾತು. ಹೋಮರನ ಒಡಿಸ್ಸಿಯಲ್ಲಿ ಕಲಿಪ್ಸೋ ದೇವತೆಯ ಗುಹೆಯ ಒಲೆಯಲ್ಲಿ ದೇವದಾರುವಿನ ಜೊತೆ ಉರಿಯುತ್ತ ದ್ವೀಪಕ್ಕೆಲ್ಲ ಪರಿಮಳ ಹರಡುವುದು ಇದೇ ಹೆಸರಿನ ಮರ. ಆದರೆ ರೋಮನ್ನರಿಗೆ ಬೇಕಾದದ್ದು ಪರಿಮಳವಲ್ಲ, ಬುಡದ ಗಂಟು. ಈ ಮರವನ್ನು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ, ಅದರ ಜಾತಿಯ ಮರಗಳಲ್ಲಿ ಇದು ಅಪರೂಪದ ಗುಣ. ಬೇರಿನ ಮೇಲೆ ವರ್ಷಗಟ್ಟಲೆ ಬೆಳೆಯುವ ಗಂಟನ್ನು ಸೀಳಿದರೆ ಒಳಗೆ ಅಲೆಅಲೆಯಾದ, ಸುಳಿಸುಳಿಯಾದ ಗೆರೆಗಳು. ಹುಲಿಪಟ್ಟೆಯಂಥವು, ಚಿರತೆಚುಕ್ಕೆಯಂಥವು, ನವಿಲುಗರಿಯ ಕಣ್ಣಿನಂಥವು ಎಂದು ರೋಮನ್ ಲೇಖಕ ಪ್ಲೈನಿ ವಿಂಗಡಿಸುತ್ತಾನೆ. ಜೇನು ಬೆರೆಸಿದ ದ್ರಾಕ್ಷಾರಸದ ಬಣ್ಣ ಬಂದರೆ ಅದೇ ಶ್ರೇಷ್ಠ.

ಆ ಗಂಟಿನಿಂದ ಮೇಜು ಮಾಡುತ್ತಿದ್ದರು. ವಾಗ್ಮಿ ಸಿಸೆರೋ ಒಂದು ಮೇಜಿಗೆ 5 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಕೊಟ್ಟಿದ್ದ, ಅದು ತನ್ನ ಕಾಲಕ್ಕೂ ಉಳಿದಿದೆ ಎಂದು ಪ್ಲೈನಿ ಬರೆಯುತ್ತಾನೆ. ಮೌರೆಟೇನಿಯಾದ ರಾಜ ಯೂಬನ ಮೇಜೊಂದು ಹರಾಜಿನಲ್ಲಿ 12 ಲಕ್ಷಕ್ಕೆ ಹೋಯಿತು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಸಾಮಾನ್ಯ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಸಿಸೆರೋವಿನ ಒಂದು ಮೇಜು ಅಂಥ ಸೈನಿಕನೊಬ್ಬನ ಐನೂರೈವತ್ತು ವರ್ಷದ ದುಡಿಮೆ. ಗಂಡಸರು ಮುತ್ತಿನ ಹುಚ್ಚಿಗೆ ಬೈದರೆ ಹೆಂಗಸರು ಈ ಮೇಜುಗಳ ಹುಚ್ಚನ್ನು ತೋರಿಸಿ ಬಾಯಿ ಮುಚ್ಚಿಸುತ್ತಿದ್ದರಂತೆ. ಅತ್ಯುತ್ತಮ ಮರ ಸಿಗುತ್ತಿದ್ದ ಆಂಕೊರೇರಿಯಸ್ ಎಂಬ ಬೆಟ್ಟ ಕ್ರಿಸ್ತಶಕ 79ರಲ್ಲಿ ತೀರಿಕೊಂಡ ಪ್ಲೈನಿಯ ಕಾಲಕ್ಕೇ ಬರಿದಾಗಿತ್ತು. ಮರದ ಜಾತಿ ಮಾತ್ರ ಅಳಿಯಲಿಲ್ಲ. ಮೊರಾಕ್ಕೊದ ಎಸ್ಸಾವಿರಾ ಊರಿನ ಕುಶಲಕರ್ಮಿಗಳು ಇಂದಿಗೂ ಅದೇ ಗಂಟಿನಿಂದ ಪೆಟ್ಟಿಗೆ, ತಟ್ಟೆ ಮಾಡುತ್ತಾರೆ. ಮಾಲ್ಟಾ ದೇಶ 1992ರಲ್ಲಿ ಅದನ್ನು ತನ್ನ ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು.

ಜೆರೋಮ್ ಯಾಕೆ ಈ ಪದ ಆರಿಸಿದ ಎನ್ನುವುದು ಈಗ ಊಹೆಗೆ ಸಿಗುತ್ತದೆ. ಅವನ ಓದುಗರಿಗೆ ‘ಅರಸನೊಬ್ಬ ಬೆಲೆ ನೋಡದೆ ತರಿಸಿದ ಮರ’ ಎಂದೊಡನೆ ಕಣ್ಣ ಮುಂದೆ ಬರುತ್ತಿದ್ದುದು ಇದೇ. ಅವನು ಸಸ್ಯದ ಗುರುತು ಹಿಡಿಯಲಿಲ್ಲ, ಬೆಲೆಯ ಗುರುತು ಹಿಡಿದ. ಸಸ್ಯಶಾಸ್ತ್ರವಾಗಿ ನೋಡಿದರೆ ತಪ್ಪು. ಕಥೆಯಾಗಿ ನೋಡಿದರೆ, ಅಲ್ಮುಗ್ ಎಂಬ ಪದ ತನ್ನ ಮೊದಲ ಕೇಳುಗರಲ್ಲಿ ಮೂಡಿಸಿದ್ದ ಬೆರಗನ್ನು ಅವನಷ್ಟು ಚೆನ್ನಾಗಿ ದಾಟಿಸಿದವರು ಇನ್ನೊಬ್ಬರಿಲ್ಲ. ಇಂಗ್ಲಿಷಿಗೆ 1611ರಲ್ಲಿ ತಂದವರು ಇನ್ನೊಂದು ದಾರಿ ಹಿಡಿದು ಅಲ್ಮುಗ್, ಅಲ್ಗುಮ್ ಎಂಬ ಎರಡು ಹೀಬ್ರೂ ರೂಪಗಳನ್ನೂ ಹಾಗೇ ಉಳಿಸಿಕೊಂಡರು.

ಗಂಧದ ವಾದ

ಈಗ ನಮ್ಮ ಕಡೆಗೆ ಬರೋಣ. ಹತ್ತೊಂಬತ್ತನೇ ಶತಮಾನದಲ್ಲಿ ಸಂಸ್ಕೃತದ ಪರಿಚಯವಾದ ಯುರೋಪಿನ ವಿದ್ವಾಂಸರಿಗೆ ಎಲ್ಲೆಲ್ಲೂ ಭಾರತ ಕಾಣತೊಡಗಿತ್ತು. ಅದೇ ‘1 ಅರಸುಗಳು’ ಹತ್ತನೇ ಅಧ್ಯಾಯದಲ್ಲಿ, ಮೂರು ವರ್ಷಕ್ಕೊಮ್ಮೆ ಬರುವ ಹಡಗುಗಳು ಚಿನ್ನ, ಬೆಳ್ಳಿ, ದಂತದ ಜೊತೆ ‘ಕೋಫ್’ ಮತ್ತು ‘ತುಕ್ಕಿ’ಗಳನ್ನು ತಂದವು ಎಂದಿದೆ. ಕೋಫ್ ಎಂದರೆ ಮಂಗ. ಸಂಸ್ಕೃತದ ‘ಕಪಿ’ ಅಲ್ಲವೇ ಎಂದರು. ತುಕ್ಕಿ ಎಂದರೆ ನವಿಲು ಎಂಬುದು ಹಳೆಯ ವ್ಯಾಖ್ಯಾನ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ತಮಿಳಿನ ‘ತೋಕೈ’ಗೆ ಹೋಲಿಸಿದರು. ನಮ್ಮಲ್ಲಿ ನವಿಲಿನ ಗರಿಗೆ ‘ತೋಗೆ’ ಎನ್ನುವುದಿಲ್ಲವೇ, ಅದರ ಒಡಹುಟ್ಟು. ಕನ್ನಡದ ಪದವೊಂದರ ಸೋದರ ಬೈಬಲಿನ ಪುಟದಲ್ಲಿ ಕೂತಿದೆ ಎಂದರೆ ಯಾರಿಗೂ ಮನಸ್ಸು ಅರಳುತ್ತದೆ.

ಮಂಗ, ನವಿಲು ಎರಡೂ ಭಾರತದವಾದರೆ ಮರವೂ ಭಾರತದ್ದೇ ಇರಬೇಕು. ಕ್ರಿಸ್ಟಿಯನ್ ಲಾಸ್ಸನ್ ಮುಂದಿಟ್ಟ ವಾದವನ್ನು ಮ್ಯಾಕ್ಸ್ ಮುಲ್ಲರ್ 1861ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಭಾಷಾವಿಜ್ಞಾನದ ಉಪನ್ಯಾಸಗಳು ಜನರ ಬಾಯಿಗೆ ತಂದವು: ಸಂಸ್ಕೃತದಲ್ಲಿ ‘ವಲ್ಗು’, ‘ವಲ್ಗುಕ’ ಎಂಬ ಪದಗಳಿವೆ. ‘ವಲ್ಗುಕ’ಕ್ಕೆ ಗಂಧದ ಮರ ಎಂಬ ಅರ್ಥವಿದೆ. ವಲ್ಗು ದಕ್ಷಿಣದ ನಾಲಗೆಗಳನ್ನು ದಾಟಿ ಹಡಗು ಹತ್ತಿ ಅಲ್ಗುಮ್ ಆಯಿತು. ಶ್ರೀಗಂಧ ಬೆಳೆಯುವುದು ಮಲಬಾರ್, ಮೈಸೂರಿನ ಕಡೆ. ಓಫೀರ್ ಭಾರತದ ತೀರದಲ್ಲೇ ಎಲ್ಲೋ ಇದೆ. ಲೆಕ್ಕ ಸರಿಹೋಯಿತು.

ಕೇಳಲು ಇಂಪಾದ ವಾದ. ಆದರೆ ಒಂದೊಂದೇ ಕೊಂಡಿಯನ್ನು ಎಳೆದು ನೋಡಬೇಕು. ‘ವಲ್ಗು’ ಎಂಬುದಕ್ಕೆ ಸಂಸ್ಕೃತ ಕಾವ್ಯಗಳಲ್ಲಿ ಇರುವ ಅರ್ಥ ಸುಂದರ, ಮಧುರ ಎಂದು. ‘ವಲ್ಗುಕ’ಕ್ಕೆ ಚಂದನ ಎಂಬ ಅರ್ಥ ಸಿಗುವುದು ಕೋಶಗಳಲ್ಲಿ ಮಾತ್ರ, ಬಳಕೆಯಲ್ಲಿ ಅಲ್ಲ. ಕೋಶಕಾರರು ಒಂದು ವಸ್ತುವಿಗೆ ಹತ್ತು ಪರ್ಯಾಯ ಕೂಡಿಸುವುದು ನಮಗೆಲ್ಲ ಗೊತ್ತು. ವರ್ತಕರು ಸರಕು ಕೊಡುವಾಗ ಹೇಳುವುದು ಸಂತೆಯಲ್ಲಿ ನಡೆಯುವ ಹೆಸರನ್ನೇ ಹೊರತು ನಿಘಂಟಿನ ಮೂಲೆಯ ಹೆಸರನ್ನಲ್ಲ. ‘ಚಂದನ’ ನಿಜಕ್ಕೂ ಪಶ್ಚಿಮಕ್ಕೆ ಹೋದಾಗ ತನ್ನ ಹೆಸರನ್ನು ಹೊತ್ತುಕೊಂಡೇ ಹೋಯಿತು. ಅರಬ್ಬರಲ್ಲಿ ಅದು ‘ಸಂದಲ್’ ಆಯಿತು, ಲ್ಯಾಟಿನ್‌ನಲ್ಲಿ ‘ಸಂತಾಲಮ್’ ಆಯಿತು, ಆರನೇ ಶತಮಾನದ ಗ್ರೀಕ್ ವರ್ತಕ ಕಾಸ್ಮಸ್‌ನ ಬರಹದಲ್ಲಿ ‘ತ್ಸಂದಾನಾ’ ಆಯಿತು. ಅಷ್ಟು ಗಟ್ಟಿಯಾದ ಹೆಸರಿರುವಾಗ ‘ವಲ್ಗು’ ಯಾಕೆ ಬೇಕಿತ್ತು?

ಮರವನ್ನೇ ನೋಡಿದರೂ ಅನುಮಾನ ಬರುತ್ತದೆ. ಗಂಧದ ಮರ ಕಂಡವರಿಗೆ ಗೊತ್ತು, ಅದು ದೇವಾಲಯದ ತೊಲೆಗೆ ಒದಗುವ ಗಾತ್ರದ್ದಲ್ಲ. ಬೇರೆ ಗಿಡಗಳ ಬೇರಿಗೆ ತನ್ನ ಬೇರು ಕಚ್ಚಿ ಆಹಾರ ಪಡೆಯುವ ಅರೆಪರಾವಲಂಬಿ ಅದು, ನಿಧಾನಕ್ಕೆ ಬೆಳೆಯುತ್ತದೆ. ಬೆಲೆ ಇರುವ ಚೇಗು ಒಳಗಿನ ಸಣ್ಣ ಭಾಗ. ಪೆಟ್ಟಿಗೆ, ವಿಗ್ರಹ, ಬೀಸಣಿಗೆಗೆ ಸರಿ. ಅರಮನೆಯ ಕಂಬಕ್ಕೆ? ನನ್ನನ್ನು ಬಹಳವಾಗಿ ಚುಚ್ಚಿದ ಅಂಶ ಇನ್ನೊಂದಿದೆ. ಆ ಆರು ಉಲ್ಲೇಖಗಳಲ್ಲಿ ಒಂದರಲ್ಲೂ ಪರಿಮಳದ ಮಾತೇ ಇಲ್ಲ. ಶೆಬದ ರಾಣಿ ತಂದ ಸುಗಂಧದ್ರವ್ಯವನ್ನು ಕೊಂಡಾಡಿದ ಅದೇ ಬರಹಗಾರ, ಅದೇ ಪುಟದಲ್ಲಿ, ಶ್ರೀಗಂಧದ ಬಗ್ಗೆ ಬರೆದು ಅದರ ವಾಸನೆಯನ್ನು ಮರೆಯುತ್ತಾನೆಯೇ?

ಈ ಕಾರಣಕ್ಕೆ ಕೆಲವರು ಶ್ರೀಗಂಧವನ್ನು ಬಿಟ್ಟು ರಕ್ತಚಂದನಕ್ಕೆ ಬಂದರು. ಆಂಧ್ರದ ಕಡಪ, ಚಿತ್ತೂರು ಸುತ್ತಿನ ಪೂರ್ವಘಟ್ಟದಲ್ಲಿ ಬೆಳೆಯುವ ಈ ಮರಕ್ಕೆ ಹೆಸರಿನಲ್ಲಿ ಚಂದನವಿದ್ದರೂ ಘಮವಿಲ್ಲ. ಕೆಂಪು, ಭಾರ, ನೀರಿಗೆ ಹಾಕಿದರೆ ಮುಳುಗುವಷ್ಟು ಗಟ್ಟಿ. ಜಪಾನಿನ ಷಾಮಿಸೆನ್ ಎಂಬ ತಂತಿವಾದ್ಯದ ದಂಡಿಗೆ ಇದೇ ಮರ ಶ್ರೇಷ್ಠವೆಂದು ಎಣಿಸುತ್ತಾರೆ. ನಮ್ಮ ವೀಣೆಗೆ ಹಲಸು ಹೇಗೋ ಹಾಗೆ. ಸೊಲೊಮೋನನೂ ವಾದ್ಯಗಳನ್ನು ಮಾಡಿಸಿದ್ದರಿಂದ ಈ ಹೋಲಿಕೆಗೆ ಒಂದು ಬಲ ಬಂತು, ಇಂದಿಗೂ ಅನೇಕ ಬೈಬಲ್ ಕೋಶಗಳು ಅಲ್ಮುಗ್ ಎಂದರೆ ಬಹುಶಃ ರಕ್ತಚಂದನ ಎಂದೇ ಬರೆಯುತ್ತವೆ. ಹೋಲಿಕೆಯೇನೋ ಸರಿ. ಆದರೆ ಹೆಸರಿನ ಕೊಂಡಿ ಮಾತ್ರ ಆ ವಲ್ಗುವಿನ ಎಳೆಗೇ ಜೋತುಬಿದ್ದಿತ್ತು.

ಮಣ್ಣಿನ ಹಲಗೆಗಳು ಹೇಳಿದ್ದು

ಸಿರಿಯಾದ ಕರಾವಳಿಯ ರಾಸ್ ಶಮ್ರಾ ಬಳಿ 1928ರಲ್ಲಿ ರೈತನೊಬ್ಬನ ನೇಗಿಲು ಹಳೆಯ ಗೋರಿಯೊಂದರ ಕಲ್ಲಿಗೆ ತಾಗಿತು. ಮರುವರ್ಷದಿಂದ ನಡೆದ ಉತ್ಖನನದಲ್ಲಿ ಎದ್ದುಬಂದದ್ದು ಉಗಾರಿಟ್ ಎಂಬ ಬಂದರುಪಟ್ಟಣ, ಕ್ರಿಸ್ತಪೂರ್ವ ಹನ್ನೆರಡನೇ ಶತಮಾನದ ಆರಂಭದಲ್ಲಿ ನಾಶವಾದದ್ದು. ಅದರ ಜೊತೆ ಸಾವಿರಾರು ಮಣ್ಣಿನ ಹಲಗೆಗಳು. ಹೀಬ್ರೂವಿಗೆ ಹತ್ತಿರದ ಭಾಷೆ. ಅಲ್ಲಿನ ಸರಕುಗಳ ಲೆಕ್ಕದಲ್ಲಿ ಒಂದು ಪದ ಸಿಕ್ಕಿತು: ಅ–ಲ್–ಮ್–ಗ್. ಸ್ವರಗಳನ್ನು ಬರೆಯುವ ರೂಢಿ ಇಲ್ಲದ ಆ ಲಿಪಿಯಲ್ಲಿ ‘ಅಲ್ಮುಗ್’ ಇರಬೇಕಾದದ್ದು ಹೀಗೆಯೇ. ಸೊಲೊಮೋನನಿಗಿಂತ ಮೊದಲು, ಓಫೀರಿಗೆ ಹೊರಟ ಯಾವ ಹಡಗಿಗಿಂತಲೂ ಮೊದಲು, ಈ ಹೆಸರು ಸಿರಿಯಾದಲ್ಲಿ ದಿನಬಳಕೆಯ ಲೆಕ್ಕದ ಮಾತಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ಎಲಮ್ಮಕ್ಕು’ ಎಂಬ ಬೆಲೆಬಾಳುವ ಮರ ಇದೆ. ಕೊನೆಯ ಉಕಾರ ಆ ಭಾಷೆಯ ವಿಭಕ್ತಿ, ಅದನ್ನು ತೆಗೆದರೆ ಉಳಿಯುವುದು ಲ–ಮ–ಕ. ಯೂಫ್ರೆಟಿಸ್ ದಂಡೆಯ ಮಾರಿ ಪಟ್ಟಣವನ್ನು ಕ್ರಿಸ್ತಪೂರ್ವ 1800ರ ಸುಮಾರಿಗೆ ಆಳಿದ ಯಹ್ದುನ್‌ಲಿಮ್ ಸೂರ್ಯದೇವನ ಗುಡಿ ಕಟ್ಟಿಸಿ ಅದರ ಇಟ್ಟಿಗೆಗಳ ಮೇಲೆ ತನ್ನ ದಂಡಯಾತ್ರೆಯನ್ನು ಬರೆಸಿದ. ಅವನು ಮೆಡಿಟರೇನಿಯನ್ ತೀರ ಮುಟ್ಟಿದ, ಸಮುದ್ರಕ್ಕೆ ಬಲಿ ಕೊಟ್ಟ, ಅವನ ಸೈನಿಕರು ಸಮುದ್ರದಲ್ಲಿ ಮಿಂದರು. ಆಮೇಲೆ ಬೆಟ್ಟ ಹತ್ತಿ ಮರ ಕಡಿಸಿದ: ಬಾಕ್ಸ್‌ವುಡ್, ದೇವದಾರು, ಸೈಪ್ರೆಸ್, ಎಲಮ್ಮಕ್ಕು.

ದೇವದಾರು, ಸೈಪ್ರೆಸ್, ಎಲಮ್ಮಕ್ಕು. ಸೊಲೊಮೋನ ಹೀರಾಮನಿಗೆ ಕಳಿಸಿದ ಬೇಡಿಕೆಯನ್ನು ಇದರ ಪಕ್ಕದಲ್ಲಿಟ್ಟು ಓದಿ: ದೇವದಾರು, ತುರಾಯಿ, ಅಲ್ಗುಮ್. ನಡುವೆ ಎಂಟು ಶತಮಾನ, ಪಟ್ಟಿ ಹೆಚ್ಚುಕಡಿಮೆ ಒಂದೇ. ಲೆಬನೋನಿನಿಂದ ಅಮಾನಸ್‌ವರೆಗಿನ ಆ ಬೆಟ್ಟಸಾಲು ಮರವಿಲ್ಲದ ಮೆಸೊಪೊಟೇಮಿಯಾಕ್ಕೂ ಮರ ಕಡಿಮೆಯಿದ್ದ ಯೆರೂಸಲೇಮಿಗೂ ಅರಮನೆಯ ಮರ ಕೊಟ್ಟ ಕಾಡು. ಹಾಗಾಗಿ ಪೂರ್ವಕಾಲವೃತ್ತಾಂತದ ‘ಲೆಬನೋನಿನ ಅಲ್ಗುಮ್’ ಎಂಬುದನ್ನು ಹಿಂದಿನವರು ತಪ್ಪೆಂದು ತಳ್ಳಿಹಾಕಿದ್ದೇ ತಪ್ಪಾಗಿತ್ತು. ಅಕ್ಷರ ಪಲ್ಲಟವಾಗಿದ್ದರೂ ಊರಿನ ನೆನಪು ಅಲ್ಲಿ ಸರಿಯಾಗಿತ್ತು. ‘ಅರಸುಗಳು’ ಭಾಗದಲ್ಲಿ ಊರಿನ ವಿಷಯ ಗೋಜಲಾಗಿದ್ದರೂ ಹೆಸರಿನ ಅಕ್ಷರಗಳು ಮೂಲದ ಕ್ರಮದಲ್ಲೇ ಇದ್ದವು.

ಓಫೀರ್ ಹೇಗೆ ಬಂತು ಹಾಗಾದರೆ? ನನ್ನ ಓದಿನಲ್ಲಿ ಇದರ ಕೀಲಿ ಹೀರಾಮನೇ. ಅವನು ಫಿನೀಷಿಯದ ದೊರೆ. ಲೆಬನೋನಿನ ಮರ ಮಾರುತ್ತಿದ್ದವನೂ ಅವನೇ, ಎಚ್ಯೋನ್‌ಗೆಬೆರ್ ಬಂದರಿನಿಂದ ಹೊರಟು ಓಫೀರಿನಿಂದ 420 ತಲಾಂತು ಚಿನ್ನ ತಂದ ಹಡಗುಗಳಿಗೆ ನಾವಿಕರನ್ನು ಕೊಟ್ಟವನೂ ಅವನೇ. ನಾಲ್ಕು ಶತಮಾನ ದಾಟಿದ ಮೇಲೆ ‘ಹೀರಾಮ ತಂದುಕೊಟ್ಟ ಅಪರೂಪದ ಮರ’ ಮತ್ತು ‘ಹೀರಾಮನ ಹಡಗು ತಂದ ಚಿನ್ನ’ ಎರಡೂ ಒಂದೇ ಹಡಗಿಗೆ ಹತ್ತಿಕೊಳ್ಳುವುದು ಕಷ್ಟವೇನಲ್ಲ. ಓಫೀರ್ ಎಂಬ ಹೆಸರು ಕಟ್ಟುಕಥೆಯಲ್ಲ ಎನ್ನುವುದಕ್ಕೆ ಪುರಾವೆ ಇದೆ. ಟೆಲ್ ಅವೀವ್ ನಗರದ ತೆಲ್ ಕಸೀಲೆಯಲ್ಲಿ ಸಿಕ್ಕ, ಕ್ರಿಸ್ತಪೂರ್ವ ಎಂಟನೇ ಶತಮಾನದ ಮಡಕೆಚೂರಿನ ಮೇಲೆ ‘ಓಫೀರಿನ ಚಿನ್ನ’ ಎಂದೇ ಬರೆದಿದೆ. ಆದರೆ ಅದು ಚಿನ್ನದ ಸಾಕ್ಷಿ, ಮರದ್ದಲ್ಲ.

ಎಲಮ್ಮಕ್ಕು ಇಂದಿನ ಯಾವ ಮರ ಎನ್ನುವುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಬಗೆಹರಿದಿರುವುದು ಹೆಸರಿನ ಊರು: ಅದು ಸಿರಿಯಾ–ಲೆಬನೋನ್ ಬೆಟ್ಟಗಳದು, ಸಹ್ಯಾದ್ರಿಯದಲ್ಲ. ಶ್ರೀಗಂಧವಾಗಲಿ ರಕ್ತಚಂದನವಾಗಲಿ ಯಹ್ದುನ್‌ಲಿಮ್‌ನ ಸೈನಿಕರಿಗೆ ಆ ಬೆಟ್ಟದಲ್ಲಿ ಸಿಗುವ ಮರಗಳಲ್ಲ.

ಇಷ್ಟು ಕೇಳಿ ಬೇಸರಪಡಬೇಕಾಗಿಲ್ಲ. ಭಾರತದ ಪದಗಳು ಹೀಬ್ರೂ ಗ್ರಂಥದಲ್ಲಿ ಇಲ್ಲವೆಂದಲ್ಲ, ಹುಡುಕಿದ ಜಾಗ ತಪ್ಪಾಗಿತ್ತು ಅಷ್ಟೆ. ಕೀರ್ತನೆಗಳಲ್ಲಿ ಅರಸನ ಉಡುಪು ಘಮಘಮಿಸುವುದು ‘ಅಹಾಲೋತ್’ನಿಂದ. ಜ್ಞಾನೋಕ್ತಿಗಳಲ್ಲಿ, ಪರಮಗೀತದಲ್ಲಿಯೂ ಅದು ಪರಿಮಳದ ಜೊತೆಗೇ ಬರುತ್ತದೆ. ತಮಿಳಿನ ‘ಅಗಿಲ್’, ನಮ್ಮ ‘ಅಗಿಲು’, ಸಂಸ್ಕೃತದ ‘ಅಗರು’ ಇವುಗಳ ಬಂಧು ಇದು ಎಂಬುದನ್ನು ಬಹಳ ವಿದ್ವಾಂಸರು ಒಪ್ಪುತ್ತಾರೆ. ಗಾಯಗೊಂಡು ಸೋಂಕು ತಗುಲಿದಾಗ ಮಾತ್ರ ಒಳಗೆ ಕಪ್ಪು ರಾಳ ಕಟ್ಟಿಕೊಂಡು ಘಮ ಬಿಡುವ, ಅಸ್ಸಾಮಿನಿಂದ ಪೂರ್ವಕ್ಕೆ ಬೆಳೆಯುವ ಆ ಮರವನ್ನು ಈಗ ಮಲೆನಾಡಿನ ತೋಟಗಳಲ್ಲೂ ಬೆಳೆಸುತ್ತಿದ್ದಾರೆ. ಅಗರಬತ್ತಿ ಹಚ್ಚುವ ಪ್ರತಿ ಮನೆಯಲ್ಲಿ ಆ ಪದ ಇದೆ. ಎಸ್ತೇರಳ ಕಥೆಯಲ್ಲಿ ಪಾರಸಿಯ ಅರಮನೆಯ ಪರದೆಗಳ ಬಟ್ಟೆ ‘ಕರ್ಪಸ್’, ಅದು ಸಂಸ್ಕೃತದ ಕಾರ್ಪಾಸ, ಹತ್ತಿ. ಕ್ರಿಸ್ತಪೂರ್ವ 1213ರಲ್ಲಿ ತೀರಿಕೊಂಡ ಈಜಿಪ್ಟಿನ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನೊಳಗೆ ಕರಿಮೆಣಸಿನ ಕಾಳುಗಳು ಸಿಕ್ಕಿವೆ. ಸೊಲೊಮೋನನಿಗೂ ಮುಂಚೆ ನಮ್ಮ ಘಟ್ಟದ ಸರಕು ಅಲ್ಲಿಗೆ ಮುಟ್ಟಿತ್ತು.

ತುಕ್ಕಿಯ ವಿಷಯ ಮಾತ್ರ ಇನ್ನೂ ಚರ್ಚೆಯಲ್ಲಿದೆ. ಅದು ನವಿಲಲ್ಲ, ಈಜಿಪ್ಟ್ ಭಾಷೆಯಿಂದ ಬಂದ, ಮಂಗನ ಒಂದು ಜಾತಿಯ ಹೆಸರು ಎಂದು ಪುರಾತತ್ತ್ವಜ್ಞ ವಿಲಿಯಂ ಆಲ್‌ಬ್ರೈಟ್ ವಾದಿಸಿದರು. ಕೋಫ್‌ಗೂ ಈಜಿಪ್ಟಿನಲ್ಲಿ ಬಹಳ ಹಳೆಯ ರೂಪವಿದೆ. ತೋಗೆಯ ಮೇಲಿನ ಆಸೆಯನ್ನು ನಾನು ಪೂರ್ತಿ ಬಿಟ್ಟಿಲ್ಲ, ಆದರೆ ಅಲ್ಮುಗ್‌ನ ಕಥೆ ಓದಿದ ಮೇಲೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿಲ್ಲ.

ಮರ ಹೋಗಿ ಹವಳ ಬಂತು

ಯೆಹೂದಿ ಪಂಡಿತರು ಇದು ಮರವೇ ಅಲ್ಲ ಎಂದದ್ದನ್ನು ಆರಂಭದಲ್ಲಿ ಹೇಳಿದ್ದೆ. ಅವರ ಧರ್ಮಚರ್ಚೆಗಳ ಗ್ರಂಥವಾದ ಬಾಬೆಲಿನ ತಾಲ್ಮುದ್‌ನಲ್ಲಿ ದೇವದಾರುವಿನ ಬಗೆಗಳನ್ನು ಎಣಿಸುವ ಒಂದು ಚರ್ಚೆ ಇದೆ. ಅಲ್ಲಿ ಅಲ್ಮುಗ್ ಎಂದರೆ ‘ಕಸೀತಾ’, ಅಂದರೆ ಹವಳ ಎನ್ನುತ್ತಾರೆ. ಕೊಂಬೆ ಚಾಚಿಕೊಂಡು ಕಡಲ ತಳದಲ್ಲಿ ಬೆಳೆಯುವುದನ್ನು ಮರವೆಂದು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಕೀಳುವ ಬಗೆಯನ್ನೂ ಅಲ್ಲಿ ಬಣ್ಣಿಸಿದ್ದಾರೆ. ದೊಡ್ಡ ಹಡಗೊಂದಕ್ಕೆ ಮರಳು ತುಂಬಿ ತುಂಬಿ ಅದು ತಳಕ್ಕೆ ಕೂರುವಂತೆ ಮಾಡುತ್ತಾರೆ. ಮುಳುಗುಗಾರ ಇಳಿದು ಅಗಸೆನಾರಿನ ಹಗ್ಗದಿಂದ ಹವಳವನ್ನು ಹಡಗಿಗೆ ಕಟ್ಟುತ್ತಾನೆ. ಆಮೇಲೆ ಮರಳನ್ನೆಲ್ಲ ಹೊರಕ್ಕೆ ಚೆಲ್ಲುತ್ತಾರೆ. ಹಗುರಾದ ಹಡಗು ಮೇಲೇಳುತ್ತ ಹವಳವನ್ನು ಬೇರುಸಮೇತ ಕಿತ್ತು ತರುತ್ತದೆ. ಸಾವಿರಾರು ಆಳುಗಳ ತಿಂಗಳುಗಟ್ಟಲೆಯ ಕೆಲಸವಂತೆ ಅದು.

ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಇದನ್ನೇ ಮುಂದುವರಿಸಿದ. ಹವಳದಿಂದ ಕಟಕಟೆಯನ್ನೋ ತಂತಿವಾದ್ಯವನ್ನೋ ಮಾಡುವುದು ಹೇಗೆಂಬ ಪ್ರಶ್ನೆ ಹಾಗೇ ಉಳಿಯಿತು, ಪದ ಮಾತ್ರ ಹೊಸ ಅರ್ಥಕ್ಕೆ ಅಂಟಿಕೊಂಡಿತು. ಇಂದಿನ ಹೀಬ್ರೂ ಮಾತಿನಲ್ಲಿ ‘ಅಲ್ಮೋಗ್’ ಎಂದರೆ ಹವಳವೇ. ಇಸ್ರೇಲಿನ ದಕ್ಷಿಣ ತುದಿಯ ಐಲಾತ್‌ನಲ್ಲಿ ಕೆಂಪು ಸಮುದ್ರದ ಹವಳದ ದಿಬ್ಬಗಳನ್ನು ಕಾಪಾಡುವ ಅಭಯಧಾಮವಿದೆ. ಆ ತೀರದ ಹೆಸರು ‘ಹೋಫ್ ಅಲ್ಮೋಗ್’, ಹವಳದ ದಂಡೆ. ಸೊಲೊಮೋನ ಮತ್ತು ಹೀರಾಮನ ಹಡಗುಗಳು ಓಫೀರಿಗೆ ಹೊರಟ ಎಚ್ಯೋನ್‌ಗೆಬೆರ್ ಬಂದರು ಇದ್ದದ್ದೂ ಇದೇ ಕೊಲ್ಲಿಯ ತಲೆಯಲ್ಲಿ.